ನಸೀಮನ ತಲೆಗೆ ಸಮನಾದ ತಲೆ

ಬಖೂಮನ ಚಿಕ್ಕಪ್ಪ ಸಾದಿಕ್ ಔಷಧಿ ಅಂಗಡಿಯ ನಸೀಮನನ್ನು ಕೊಂದದ್ದು ಕಾಲುವೆ ನೀರಿನ ಸರದಿಗಾಗಿ. ಸಾದಿಕನ ಮನೆತನವಾದ ಫಾನೂಸ್ ಮನೆಯವರ ಟೊಮ್ಯಾಟೊ ಹೊಲಕ್ಕೆ ಹರಿಯಬೇಕಿದ್ದ ನೀರನ್ನು ನಸೀಮನ ಕುಲ್ತಾ ಮನೆಯವರು ಬೆಳಗಾಗುವ ಮೊದಲೇ ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ತಿರುಗಿಸಿದವನು ನಸೀಮನ ತಮ್ಮ ಫಾಯೆಜ್. ಆದರೆ ಸಾದಿಕ್ ಬಂದೂಕು ಹಿಡಿದು ಹೊರಟಾಗ ಎದುರಿಗೆ ಸಿಕ್ಕವನು, ಆಗತಾನೆ ಅಂಗಡಿಯ ಬಾಗಿಲೆತ್ತಿ ಬಿಳಿ ಕೋಟು ತೊಡುತ್ತಿದ್ದ ನಸೀಮ್. ಗುಂಡು ಗಂಟಲಿಗೆ ಬಿತ್ತು. ಹಿಂದಿದ್ದ ಗಾಜಿನ ಕಪಾಟು ಒಡೆದು ಕೆಮ್ಮಿನ ಔಷಧಿಯ ಬಾಟಲಿಗಳು ಉರುಳಿದವು. ರಕ್ತವೂ ಆ ಕೆಂಪು ಪಾಕವೂ ಒಂದಾಗಿ ಮೆಟ್ಟಿಲಿಳಿದು ಬೀದಿಗೆ ಬಂದವು. ತಾಯಿಯ ತಲೆನೋವಿಗೆ ಮಾತ್ರೆ ತರಲು ಹೋಗಿ ಅಲ್ಲಿ ನಿಂತಿದ್ದ ಬಖೂಮ್ ಆಗಿನ್ನೂ ಶಾಲೆಯ ಹುಡುಗ. ಅವನ ಮುಖಕ್ಕೆ ಸಿಡಿದದ್ದರಲ್ಲಿ ಒಂದಿಷ್ಟು ಬಾಯೊಳಗೂ ಹೋಗಿತ್ತು. ಅದು ಸಿಹಿಯಾಗಿತ್ತು. ಆ ಸಿಹಿ ಔಷಧಿಯದೇ ಇರಬೇಕು ಎಂದು ಅವನು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡ.

ಕುಲ್ತಾ ಮನೆಯಲ್ಲಿ ಅಂದು ಯಾರೂ ಅಳಲಿಲ್ಲ. ನೈಲ್ ನದಿಯ ಆ ಮೇಲ್ಸೀಮೆಯಲ್ಲಿ ಕೊಲೆಯಾದವನ ಮನೆಯವರು ರಕ್ತಕ್ಕೆ ರಕ್ತ ತೀರುವ ತನಕ ಗೋಳಿಡುವುದಿಲ್ಲ, ದುಃಖ ಕೇಳಲು ಬಂದವರನ್ನು ಕೂರಿಸಿಕೊಳ್ಳುವುದಿಲ್ಲ, ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿಯನ್ನು ಒಲೆಯ ಮೇಲೆ ಇಡುವುದಿಲ್ಲ. ಮೂರನೆಯ ದಿನ ಊರ ಪಾದ್ರಿ ಅಬೂನಾ ಸರಬಾಮೂನ್ ನೀರಿನ ಬಟ್ಟಲು, ಧೂಪದ ಪಾತ್ರೆ ಹಿಡಿದು ಆ ಮನೆಗೆ ಹೋದರು. ಸತ್ತವನ ಆತ್ಮ ಮನೆಯಲ್ಲೇ ಸುಳಿದಾಡುತ್ತಿರುತ್ತದೆ, ಪಾದ್ರಿ ಬಂದು ಮೂರನೆಯ ದಿನದ ಪ್ರಾರ್ಥನೆ ಹೇಳಿ ನೀರು ಚಿಮುಕಿಸಿದ ಮೇಲೆಯೇ ಹೊರಡುತ್ತದೆ ಎಂದು ಊರವರ ನಂಬಿಕೆ. ನಸೀಮನ ತಾಯಿ ಎಸ್ತೇರವ್ವ ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬನ್ನಿ ಅಬೂನಾ. ನನ್ನ ಮಗ ಇಲ್ಲೇ ಇರ್ತಾನೆ. ಅವ್ನ ಲೆಕ್ಕ ತೀರಿದ ದಿನ ನಾನೇ ಹೇಳಿ ಕಳಿಸ್ತೀನಿ."

ಸಾದಿಕ್ ಜೈಲಿಗೆ ಹೋದ, ಅಲ್ಲೇ ಮೂತ್ರಪಿಂಡ ಕೆಟ್ಟು ಸತ್ತ. ಇನ್ನೇನು ಮುಗಿಯಿತು ಎಂದುಕೊಂಡ ಊರ ಹಿರಿಯರು ಅವನ ಮಗ ಶಹಾತಾನ ಕೈಗೆ ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ಕೊಟ್ಟು ಕುಲ್ತಾ ಮನೆಗೆ ಕಳಿಸಿದರು. ತನ್ನ ಹೆಣದ ಬಟ್ಟೆಯನ್ನು ತಾನೇ ಹೊತ್ತು ಹೋಗಿ ಮೊಣಕಾಲೂರಿದವನನ್ನು ಅವರು ಕೊಂದರೂ ಕೇಳುವವರಿಲ್ಲ. ಕೊಲ್ಲದೆ ಅವನ ಬದಲಿಗೆ ಕುರಿ ಕಡಿದರೆ ಹಗೆ ಮುಗಿಯಿತು. ಎಸ್ತೇರವ್ವ ಎರಡನ್ನೂ ಮಾಡಲಿಲ್ಲ. ಶಹಾತಾನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಲಾರಿಗೆ ಟೊಮ್ಯಾಟೊ ಬುಟ್ಟಿ ತುಂಬುವವನ ತಲೆ ತೆಗೆದುಕೊಂಡು ತಾನೇನು ಮಾಡಲಿ ಎಂದಳು. ತನ್ನ ಮಗ ಓದಿ ಪದವಿ ತಂದವನು, ಅವನ ತಲೆಗೆ ಸಮನಾದ ತಲೆ ಫಾನೂಸ್ ಮನೆಯಲ್ಲಿ ಎದ್ದ ದಿನ ಬನ್ನಿ ಎಂದು ಬಾಗಿಲು ಹಾಕಿಕೊಂಡಳು. ಶಹಾತಾ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಬದುಕಿ ಬಂದದ್ದಕ್ಕೆ ಸಂತೋಷಪಡುವುದನ್ನೂ ಮರೆತು, ಸಿಕ್ಕಸಿಕ್ಕವರ ಹತ್ತಿರ, "ಕೊಲ್ಲಾಕೂ ಲಾಯಕ್ಕಿಲ್ಲ ಅಂದ್ಬುಟ್ರು ಕಣ್ರಯ್ಯ" ಎಂದು ಹೇಳಿಕೊಂಡು ತಿರುಗಿದ.

ಆ ದಿನದಿಂದ ಬಖೂಮನ ತಾಯಿ ಬಹ್ಜಾಳಿಗೆ ಮಗನ ಅಂಕಗಳೆಂದರೆ ಜ್ವರ. ಬೇರೆ ತಾಯಂದಿರು ಮಕ್ಕಳು ಪಾಸಾಗಲಿ ಎಂದು ಮೇಣದಬತ್ತಿ ಹಚ್ಚಿದರೆ, ಇವಳು ನನ್ನ ಮಗ ನಡುವಿನಲ್ಲೆಲ್ಲೋ ಇರಲಿ ಎಂದು ಹಚ್ಚುತ್ತಿದ್ದಳು. ಅವನು ಅಸ್ಯೂತ್ ಪಟ್ಟಣದಲ್ಲಿ ಬಿಎ ಮುಗಿಸಿದಾಗ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಶಹಾತಾನೇ ಸಮಾಧಾನ ಹೇಳಿದ.

"ಬಿಎ ಮಾಡ್ದೋರ್ನ ಯಾರೂ ಕೊಲ್ಲಲ್ಲ ದೊಡ್ಡಮ್ಮ. ಅವ್ರು ಟೀ ಅಂಗ್ಡೀಲಿ ಕೂತ್ಕೊಂಡು ಹಂಗೇ ಸಾಯ್ತಾರೆ."

ಆದರೆ ಬಖೂಮ್ ಅಲ್ಲಿಗೆ ನಿಲ್ಲಲಿಲ್ಲ. ಕೈರೋದ ಒಂದು ಸೆಮಿನರಿಯಲ್ಲಿ ಧರ್ಮಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದ. ಊರಿನಲ್ಲಿ ಕೇಳಿದವರಿಗೆ ಅವನ ತಾಯಿ, ಅವನು ಯಾವುದೋ ಚರ್ಚಿನಲ್ಲಿ ಗಂಟೆ ಬಾರಿಸಿ ಕಸ ಗುಡಿಸುತ್ತಾನೆ ಎನ್ನುತ್ತಿದ್ದಳು. ಪಾಪ, ಅಷ್ಟು ಓದಿ ಕೊನೆಗೆ ಇದಾ ಎಂದು ಜನ ಮರುಗಿದಷ್ಟೂ ಅವಳಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಸೆಮಿನರಿಯಲ್ಲಿ ಅವನು ಗ್ರೀಕ್ ಕಲಿತ, ಪೂಜೆಯಲ್ಲಿ ಬಾಯಿಪಾಠವಾಗಿದ್ದ ಕಾಪ್ಟಿಕ್ ಭಾಷೆಯನ್ನು ಬಿಡಿಸಿ ಓದುವುದನ್ನೂ ಕಲಿತ. ಪ್ರಬಂಧಕ್ಕೆ ಅವನು ಆರಿಸಿಕೊಂಡ ವಿಷಯ ಮೂರನೆಯ ದಿನದ ಪ್ರಾರ್ಥನೆ. ಹಳೆಯ ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ ಅವನು ಕಂಡುಕೊಂಡದ್ದು ಇಷ್ಟು: ಆ ಪ್ರಾರ್ಥನೆಯಲ್ಲಿ ಆತ್ಮವನ್ನು ಮನೆಯಿಂದ ಕಳಿಸಿಕೊಡುವ ಮಾತು ಎಲ್ಲಿಯೂ ಇಲ್ಲ. ಆತ್ಮ ಕಾಯುವುದಿಲ್ಲ. ಪ್ರಾರ್ಥನೆ ಇರುವುದು ಉಳಿದವರಿಗಾಗಿ. ಅವನ ಮಾರ್ಗದರ್ಶಕ ಅಬೂನಾ ಇಕ್ಲಾದಿಯೂಸ್ ಕೆಂಪು ಪೆನ್ನಿನಲ್ಲಿ ಪುಟಗಳನ್ನು ಗೀಚಿ ಹಾಕುವ ಮನುಷ್ಯ. ಕೊನೆಯ ಕರಡನ್ನು ಓದಿ ಅವರು ಅಡಿಟಿಪ್ಪಣಿಗಳನ್ನೆಲ್ಲ ಮೆಚ್ಚಿಕೊಂಡರು. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು.

"ಇದನ್ನ ಮಗನನ್ನ ಕಳಕೊಂಡ ಯಾವ ತಾಯಿ ಎದುರಿಗೆ ಹೇಳಿದ್ದೀಯಪ್ಪ? ಆತ್ಮ ಮನೇಲಿಲ್ಲ ಅಂತ?"

ಬಖೂಮ್ ಬೇರೆ ಬೇರೆ ಊರುಗಳಿಗೆ ಹೋಗಿ ಹೆಂಗಸರನ್ನು ಮಾತಾಡಿಸಿದ್ದನ್ನು ಹೇಳಿದ. ಅವರಿಂದ ಕೇಳಿಕೊಂಡು ಬಂದದ್ದಾಯಿತು, ಅವರಿಗೆ ಹೇಳಿದ್ದೇನು ಎಂದು ಇಕ್ಲಾದಿಯೂಸ್ ಮತ್ತೆ ಕೇಳಿದರು. ಬಖೂಮ್ ಕರಡನ್ನು ಎತ್ತಿಕೊಂಡು ಚೀಲಕ್ಕೆ ಸೇರಿಸಿದ. ಆದರೂ ಮೌಖಿಕ ಪರೀಕ್ಷೆಗೆ ದಿನ ಗೊತ್ತಾಯಿತು. ಈಜಿಪ್ಟಿನಲ್ಲಿ ಅದು ಮುಚ್ಚಿದ ಕೋಣೆಯಲ್ಲಿ ನಡೆಯುವುದಲ್ಲ; ನೆಂಟರಿಷ್ಟರು ಮಿಠಾಯಿ ಪೆಟ್ಟಿಗೆ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಬಖೂಮ್ ಯಾರನ್ನೂ ಕರೆಯಲಿಲ್ಲ. ತಾಯಿಗೆ ಮಾತ್ರ ಫೋನಿನಲ್ಲಿ ಹೇಳಿದ, ಪರೀಕ್ಷೆಗೆ ಮೊದಲು ಹಬ್ಬಕ್ಕೆ ಊರಿಗೆ ಬಂದು ಹೋಗುತ್ತೇನೆ ಎಂದೂ ಹೇಳಿದ.

ತಾಯಿ ಫೋನು ಇಟ್ಟು ಅತ್ತಳು. ಶಹಾತಾ ಯಾಕೆ ಎಂದು ಕೇಳಿದ. ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದ ಹೆಂಗಸು ಒಬ್ಬನಿಗೆ ಹೇಳಿಬಿಟ್ಟಳು.

ಬಖೂಮ್ ಊರಿಗೆ ಬಂದ ದಿನ ಶಹಾತಾ ತನ್ನ ಪಿಕಪ್ ಗಾಡಿ ತಂದು ರೈಲು ನಿಲ್ದಾಣದಲ್ಲೇ ಕಾದಿದ್ದ. ಚೀಲ ಹಿಂದೆ ಎಸೆದು, ಟೊಮ್ಯಾಟೊ ಬುಟ್ಟಿಗಳ ಮಧ್ಯೆ ಆರಾಮಾಗಿ ಕೂರು, ಮುಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತೆ ಎಂದ. ದಾರಿಯುದ್ದಕ್ಕೂ ಏನನ್ನೋ ಬಾಯೊಳಗೆ ಇಟ್ಟುಕೊಂಡವನಂತೆ ನಗುತ್ತಿದ್ದ. ಕಾಲುವೆ ಸೇತುವೆಯ ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಮೇಲಕ್ಕೆ ತೋರಿಸಿದ. ರಸ್ತೆಗೆ ಅಡ್ಡಲಾಗಿ, ಎರಡು ವಿದ್ಯುತ್ ಕಂಬಗಳ ನಡುವೆ, ಮದುವೆ ಚಪ್ಪರದಷ್ಟು ಅಗಲದ ಬ್ಯಾನರು. ಫಾನೂಸ್ ಮನೆತನವು ತನ್ನ ಕುಡಿ, ಧರ್ಮಶಾಸ್ತ್ರ ಪಂಡಿತ ಡಾಕ್ಟರ್ ಬಖೂಮನನ್ನು ಅಭಿನಂದಿಸುತ್ತದೆ ಎಂದು ಹಳದಿ ಅಕ್ಷರ. ಮೂಲೆಯಲ್ಲಿ ಅವನ ಬಿಎ ತರಗತಿಯ ಫೋಟೋ, ಸುತ್ತ ಗುಲಾಬಿ ಹೂವು.

ಡಾಕ್ಟರ್ ಯಾಕೆ, ಇದು ಇನ್ನೂ ಮಾಸ್ಟರ್ಸ್, ಅದೂ ಆಗಿಲ್ಲ ಎಂದು ಬಖೂಮ್ ಕೂಗಿದ.

"ಬರೆಯೋನು ಹೇಳ್ದ, ಮುಂದೆ ಹೆಂಗೂ ಆಗ್ತಾನಲ್ಲ, ಆವಾಗ ಮತ್ತೆ ಬಟ್ಟೆ ಯಾಕೆ ದಂಡ ಅಂತ," ಎಂದ ಶಹಾತಾ. "ಎಲ್ರೂ ನಮ್ಮನೆ ಮುಂದೆ ಮೂಗು ಮುರೀತಿದ್ರಲ್ಲ. ನೋಡ್ಲಿ ಈಗ."

ಅವನ ಮಾತು ಮುಗಿಯುವುದರೊಳಗೆ ಕಬ್ಬಿನ ಗದ್ದೆಯಿಂದ ಗುಂಡು ಹಾರಿತು. ಮೊದಲನೆಯದು ಮುಂದಿನ ಗಾಜು ಪುಡಿ ಮಾಡಿ ಖಾಲಿ ಸೀಟಿನ ಬೆನ್ನನ್ನು ಸೀಳಿತು. ಎರಡನೆಯದು, ಇನ್ನೂ ಹೊರಗೇ ಚಾಚಿದ್ದ ಶಹಾತಾನ ಕೈಗೆ ಬಡಿಯಿತು. ಗಾಡಿ ಕಂಬಕ್ಕೆ ಗುದ್ದಿ ವಾಲಿತು. ಬಖೂಮ್ ಬುಟ್ಟಿಗಳ ಕೆಳಗೆ ಸಿಕ್ಕಿಹಾಕಿಕೊಂಡ. ಮೈಮೇಲೆ ಹರಿಯುತ್ತಿರುವುದು ಹಣ್ಣಿನ ರಸವೋ ತನ್ನ ರಕ್ತವೋ ತಿಳಿಯದೆ ಅವನು ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡ. ಸೇತುವೆಯ ಕಡೆಯಿಂದ ಜನ ಓಡಿ ಬರುತ್ತಿದ್ದಂತೆ ಗದ್ದೆಯೊಳಗಿಂದ ಫಾಯೆಜನ ದನಿ ಬಂತು. ಅವಸರವಿಲ್ಲದ, ಅಂಗಡಿಯಲ್ಲಿ ಚಿಲ್ಲರೆ ಕೇಳುವಂಥ ದನಿ.

"ಶಹಾತಾ, ನಿಂದು ಲೆಕ್ಕಕ್ಕಿಲ್ಲ, ಕಟ್ಟಿಸ್ಕೊ ಹೋಗು. ಡಾಕ್ಟ್ರೇ, ಇನ್ನೊಂದ್ಸಲ ದೊಡ್ಡೋರ ಥರ ಮುಂದಿನ ಸೀಟಲ್ಲಿ ಕೂತ್ಕೊಂಡು ಬಾ."

ಪೇಟೆಯ ಆಸ್ಪತ್ರೆಯಲ್ಲಿ ಶಹಾತಾನ ಎರಡು ಬೆರಳು ತೆಗೆದರು. ಹಾಸಿಗೆಯ ಮೇಲೆ ಬಿಳಿಚಿಕೊಂಡು ಮಲಗಿದ್ದ ಅವನು ನೋವಿಗಿಂತ ಹೆಚ್ಚಾಗಿ ತನ್ನ ಬೆರಳು ಲೆಕ್ಕಕ್ಕಿಲ್ಲವಂತೆ ಎಂಬುದನ್ನೇ ಹೇಳಿಕೊಂಡು ಹಲುಬಿದ. ಬಹ್ಜಾ ಅವನ ಕೆನ್ನೆಗೆ ಎರಡು ಬಾರಿಸಿ, ಆಮೇಲೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಮಗನ ಕಡೆ ತಿರುಗಿ ಒಂದೇ ಮಾತು ಹೇಳಿದಳು: ಪರೀಕ್ಷೆಗೆ ಹೋಗಬೇಡ, ಆ ಪದವಿ ಬಿಟ್ಟುಬಿಡು, ಎಲ್ಲಾದರೂ ಗಂಟೆ ಬಾರಿಸಿಕೊಂಡಿರು. ಶಹಾತಾ ಕಣ್ಣು ಮುಚ್ಚಿಕೊಂಡೇ, ಬೇಕಾದರೆ ಫೇಲಾದ ಅಂತ ಇನ್ನೊಂದು ಬ್ಯಾನರು ಹಾಕಿಸುತ್ತೇನೆ ಎಂದ.

ಬಖೂಮ್ ಅಂದು ಇಡೀ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಪದವಿ ಬಿಟ್ಟರೂ ಓದಿದ್ದು ತಲೆಯಿಂದ ಇಳಿಯುವುದಿಲ್ಲ. ಬಿಟ್ಟನೆಂದು ಫಾಯೆಜ್ ನಂಬುವುದೂ ಇಲ್ಲ. ನಂಬಿದರೂ, ಈ ಮನೆಯಲ್ಲಿ ಇನ್ನು ಹುಟ್ಟುವ ಯಾವ ಮಗುವೂ ಬುಟ್ಟಿ ಹೊರುವುದಕ್ಕಿಂತ ಮೇಲೇರದಂತೆ ತಾಯಂದಿರು ಮೇಣದಬತ್ತಿ ಹಚ್ಚುತ್ತಲೇ ಇರಬೇಕು. ಅವನಿಗೆ ಬದುಕುವ ಆಸೆ ಬಹಳವಿತ್ತು. ಆ ಪದವಿಯ ಆಸೆಯೂ ಅಷ್ಟೇ ಇತ್ತು, ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಸಂಜೆ ಅಬೂನಾ ಸರಬಾಮೂನರ ಮನೆಗೆ ಹೋಗಿ, ಎಸ್ತೇರವ್ವ ಕೇಳಿದ ತಲೆ ಎದ್ದಿದೆ, ಅದು ತಾನಾಗಿ ಹೆಣದ ಬಟ್ಟೆ ಹೊತ್ತು ಬರುತ್ತದೆ ಎಂದು ಹೇಳಿ ಬನ್ನಿ ಎಂದ.

ಹಿರಿಯರು ಎರಡು ಮನೆಗಳ ನಡುವೆ ಓಡಾಡಿ ಮಾತು ಕೂಡಿಸಿದರು. ಭಾನುವಾರದ ಪೂಜೆ ಮುಗಿದ ಮೇಲೆ ಬಖೂಮ್ ಬರಿಗಾಲಲ್ಲಿ, ಬರಿದಲೆಯಲ್ಲಿ, ಮಡಿಸಿದ ಬಿಳಿ ಬಟ್ಟೆಯನ್ನು ಎರಡೂ ಕೈಮೇಲೆ ಹೊತ್ತು ಊರ ನಡುವೆ ನಡೆದ. ಮುಂದೆ ಪಾದ್ರಿ, ಹಿಂದೆ ಹಿರಿಯರು, ಅವರ ಹಿಂದೆ ಕೈಗೆ ಪಟ್ಟಿ ಕಟ್ಟಿಕೊಂಡ ಶಹಾತಾ. ಕುಲ್ತಾ ಮನೆಯ ಹೊರಗೋಡೆಯ ಆಚೆ ಬಹ್ಜಾ ಮತ್ತು ಮನೆಯ ಹೆಂಗಸರು ಕಪ್ಪು ಉಟ್ಟು ನೆಲಕ್ಕೆ ಕೂತರು. ಯಾರಿಗಾಗಿ ಉಟ್ಟದ್ದೆಂದು ಅವರಿಗೇ ಗೊತ್ತಿರಲಿಲ್ಲ. ಹೊರಗಿನ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ, ಬಾಗಿಲು ಮುಚ್ಚಿತು.

ಅಂಗಳದ ನಡುವೆ ಒಂದು ಕುರಿ ಕಟ್ಟಿತ್ತು. ಅದರ ಪಕ್ಕದಲ್ಲಿ ಫಾಯೆಜ್ ಚೂರಿ ಹಿಡಿದು ನಿಂತಿದ್ದ. ಬಖೂಮ್ ಮೊಣಕಾಲೂರಿ ಬಟ್ಟೆ ಚಾಚಿದ. ಪದ್ಧತಿಯ ಪ್ರಕಾರ ಚೂರಿಯ ಬೆನ್ನನ್ನು ಅವನ ಕುತ್ತಿಗೆಗೆ ಮುಟ್ಟಿಸಿ, ಆಮೇಲೆ ಕುರಿಯ ಕಡೆ ತಿರುಗಬೇಕು. ಫಾಯೆಜ್ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಎಳೆದ. ಕುತ್ತಿಗೆಗೆ ತಾಕಿದ್ದು ಚೂರಿಯ ಬಾಯಿ. ಬಿಸಿಯಾದ ಒಂದು ಗೆರೆ ಬಖೂಮನ ಕೊರಳಿನಿಂದ ಎದೆಗೆ ಇಳಿಯಿತು. ಹಿರಿಯರು ಫಾಯೆಜ್, ಫಾಯೆಜ್ ಎಂದರು, ಮುಂದೆ ಮಾತ್ರ ಯಾರೂ ಬರಲಿಲ್ಲ.

"ನಿಲ್ಲು," ಎಂದಳು ಎಸ್ತೇರವ್ವ.

ಅವಳು ಒಳಕೋಣೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತುಂಬ ಚಿಕ್ಕವಳಾಗಿ ಕಂಡಳು. ಬಖೂಮನನ್ನು ಹತ್ತಿರ ಕರೆದಳು. ಅವನು ಮೊಣಕಾಲಲ್ಲೇ ತೆವಳಿ ಹೋದ.

"ಇವ್ರೆಲ್ಲ ಕುರಿ ತಂದವ್ರೆ," ಎಂದಳು. "ನನ್ನ ಮಗ ಈ ಕೋಣೇಲಿ ಅವ್ನೆ. ದಿನಾ ಸಂಜೆ ನೀರಿಡ್ತೀನಿ. ಅವ್ನು ಕೇಳ್ತಾನೆ, ಅವ್ವ, ಆಯ್ತಾ, ಅಂತ. ಇಲ್ಲ ಕಂದ ಅಂತೀನಿ. ನೀನು ಸತ್ತೋರ ವಿಷ್ಯಾನೇ ಓದಿದೀಯಂತೆ. ಹೇಳು. ಕುರಿ ರಕ್ತಕ್ಕೆ ಅವ್ನು ಒಪ್ತಾನಾ?"

ಒಪ್ಪುತ್ತಾನೆ ಎಂದರೆ, ಅದನ್ನು ನಸೀಮನೇ ಹೇಳಲಿ ಎಂದು ಈಕೆ ಸಂಜೆಯವರೆಗೆ ಕಾಯುತ್ತಾಳೆ, ಆ ಕೋಣೆಯಿಂದ ಬರುವ ಉತ್ತರ ಏನೆಂದು ಬಖೂಮನಿಗೆ ಗೊತ್ತಿತ್ತು. ಒಪ್ಪುವುದಿಲ್ಲ ಎಂದರೆ ಹಿಂದೆಯೇ ಚೂರಿ ನಿಂತಿದೆ. ಸುಮ್ಮನಿರಲು ಅವಳ ಕಣ್ಣು ಬಿಡಲಿಲ್ಲ. ಉಳಿದದ್ದು ಪ್ರಬಂಧದಲ್ಲಿ ಅವನು ಬರೆದದ್ದೊಂದೇ.

"ಅವ್ನು ಇಲ್ಲಿಲ್ಲ ಅವ್ವ," ಎಂದ. "ಮೂರು ದಿನ ಅಲ್ಲ, ಒಂದು ಗಳಿಗೇನೂ ಇರ್ಲಿಲ್ಲ. ಅಂಗಡಿ ಮೆಟ್ಲ ಮೇಲೆ ಬಿದ್ದಾಗ್ಲೇ ಹೋದ. ನಾನು ಅಲ್ಲೇ ನಿಂತಿದ್ದೆ."

"ಹಂಗಾದ್ರೆ ನಾನು ನೀರಿಟ್ಟಿದ್ದು ಯಾರಿಗೆ?"

"ನಿಮಗೇ ಅವ್ವ. ನೀವೊಬ್ರೇ ಇದ್ರಿ."

ಅವಳು ಎದ್ದಳು. ಹೊಸ್ತಿಲ ಪಕ್ಕದಲ್ಲಿ ಮಸಾಲೆ ಕುಟ್ಟುವ ಹಿತ್ತಾಳೆ ಒರಳು, ಅದರಲ್ಲಿ ಹಿತ್ತಾಳೆಯದೇ ಒನಕೆ ಇತ್ತು. ಒನಕೆಯನ್ನು ತೆಗೆದುಕೊಂಡು ಅವನ ಭುಜಕ್ಕೆ ಹೊಡೆದಳು. ಎಲುಬು ಮುರಿದ ಸದ್ದು ಅಂಗಳದ ಕೊನೆಯವರೆಗೂ ಕೇಳಿಸಿತು. ಬಟ್ಟೆ ಕೈಯಿಂದ ಜಾರಿತು. ಎರಡನೆಯ ಏಟು ಅಡ್ಡ ಬಂದ ಮಣಿಕಟ್ಟಿಗೆ, ಅಲ್ಲಿ ಹಚ್ಚೆ ಹಾಕಿದ್ದ ಶಿಲುಬೆಯ ಮೇಲೆಯೇ ಬಿತ್ತು. ಮುಂದಿನದು ಹುಬ್ಬಿಗೆ. ಅವಳು ಧಾನ್ಯ ಕುಟ್ಟುವವಳ ಹಾಗೆ ಉಸಿರು ಎಳೆದು ಎಳೆದು ಹೊಡೆದಳು. ಬಾಯಿಗೆ ಬಿದ್ದ ಏಟಿಗೆ ಹಲ್ಲು ಮುರಿದು ನಾಲಿಗೆಗೆ ಸಿಕ್ಕಿತು. ಶಹಾತಾ ನುಗ್ಗಿ ಬಂದ, ನಾಲ್ವರು ಹಿಡಿದುಕೊಂಡರು. ಸತ್ತವನ ತಾಯಿಯೇ ರಕ್ತದ ಹಕ್ಕುದಾರಳು, ಅವಳ ಕೈ ತಡೆಯುವ ಹಕ್ಕು ಪಾದ್ರಿಗೂ ಇಲ್ಲ, ಮಗನಿಗೂ ಇಲ್ಲ. ಬಖೂಮ್ ತಲೆಯನ್ನು ಮುಚ್ಚಿಕೊಂಡು ಮಗ್ಗುಲಿಗೆ ಬಿದ್ದ. ಇವಳು ಹೊಡೆಯುತ್ತಿರುವುದು ಸಾದಿಕನಿಗಲ್ಲ, ನಸೀಮನಿಗಾಗಿಯೂ ಅಲ್ಲ, ತಾನು ಈಗ ಹೇಳಿದ ಮಾತಿಗೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಏನೂ ಅನ್ನಿಸಲಿಲ್ಲ.

ಮತ್ತೆ ಪ್ರಜ್ಞೆ ಬಂದಾಗ ಒನಕೆ ನೆಲದ ಮೇಲಿತ್ತು. ಎಸ್ತೇರವ್ವ ಕಲ್ಲಿನ ಸಂದಿಯಲ್ಲಿ ಹರಿಯುತ್ತಿದ್ದ ರಕ್ತವನ್ನು ನೋಡುತ್ತಿದ್ದಳು. ಫಾಯೆಜ್ ಚೂರಿ ಹಿಡಿದು ಮುಂದೆ ಬಂದ.

"ಇಷ್ಟಕ್ಕೇ ಮುಗೀತಾ ಅವ್ವ? ಇನ್ನೂ ಉಸಿರಾಡ್ತಾವ್ನೆ."

"ಮುಗೀತು. ನಾನು ತಗೊಂಡೆ."

"ಅಣ್ಣನ ರಕ್ತಕ್ಕೆ ಇಷ್ಟೇನಾ?"

"ನೀರು ತಿರುಗ್ಸಿದ್ದು ನೀನು ಕಣೋ," ಎಂದಳು ಅವಳು, ಅವನ ಮುಖ ನೋಡದೆ. "ನಿನ್ನ ಪಾಲಿಗೆ ಬಂದ ಗುಂಡನ್ನ ಅವ್ನು ತಗೊಂಡ. ನೀನು ಮಾತಾಡ್ಬೇಡ."

ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಆಡಿರಲಿಲ್ಲ. ಫಾಯೆಜನ ಮುಖ ಬೂದಿಯಾಯಿತು. ಅವನು ತಿರುಗಿ ಕುರಿಯ ಮೇಲೆ ಬಿದ್ದ. ಒಂದು ಏಟಿಗೆ ಮುಗಿಯಬೇಕಾದದ್ದನ್ನು ಕಂಡ ಕಂಡಲ್ಲಿ ಇರಿದು, ಅದು ಒದ್ದಾಡುವುದು ನಿಂತ ಮೇಲೂ ಇರಿದು, ಕೊನೆಗೆ ಅದರ ಉಣ್ಣೆಯಲ್ಲಿ ಮುಖ ಒತ್ತಿಕೊಂಡು ಕೂತುಬಿಟ್ಟ.

ಎಸ್ತೇರವ್ವ ಪಾದ್ರಿಯ ಕಡೆ ನೋಡಿ ನೀರು ತರಲು ಹೇಳಿದಳು. ಆತ್ಮ ಇಲ್ಲಿಲ್ಲವಂತೆ, ನನಗೇ ಚಿಮುಕಿಸಿ ಎಂದಳು. ಅಬೂನಾ ಸರಬಾಮೂನರ ದನಿ ಪ್ರಾರ್ಥನೆಯ ಮೊದಲ ಸಾಲಿನಲ್ಲೇ ಎರಡು ಸಲ ಒಡೆಯಿತು. ತಣ್ಣನೆಯ ಹನಿಗಳು ಮುಖಕ್ಕೆ ಬಿದ್ದಾಗ ಅವಳ ಬಾಯಿ ತೆರೆಯಿತು. ಹತ್ತು ಹನ್ನೆರಡು ವರ್ಷ ಒಳಗೇ ಹೂತಿಟ್ಟ ಗೋಳು ಒಮ್ಮೆಗೇ ಹೊರಬಂತು. ಅದು ಮನುಷ್ಯರ ಸದ್ದಿನಂತೆಯೇ ಇರಲಿಲ್ಲ.

ಗೋಡೆಯಾಚೆ ಅದನ್ನು ಕೇಳಿದ ಬಹ್ಜಾ, ಮಗ ಸತ್ತನೆಂದುಕೊಂಡಳು. ಈ ಮನೆಯಲ್ಲಿ ಗೋಳೆದ್ದರೆ ರಕ್ತ ತೀರಿತೆಂದೇ ಅರ್ಥ. ಅವಳು ಬಖೂಮ್, ಬಖೂಮ್ ಎಂದು ಕೂಗುತ್ತ ಮುಖ ಪರಚಿಕೊಳ್ಳುವುದು, ಮುಚ್ಚಿದ ಬಾಗಿಲಿಗೆ ತಲೆ ಚಚ್ಚಿಕೊಳ್ಳುವುದು ಅವನಿಗೆ ಕೇಳಿಸಿತು. ಅವ್ವ, ನಾನಿದ್ದೀನಿ ಎನ್ನಬೇಕು. ಮುರಿದ ದವಡೆಯಿಂದ ರಕ್ತ ಬಂತು, ಮಾತು ಬರಲಿಲ್ಲ. ಒಳ್ಳೆಯ ಕೈಯನ್ನು ನೆಲಕ್ಕೆ ಊರಿ ಅವನು ಬಾಗಿಲ ಕಡೆಗೆ ಮೈ ಎಳೆದ. ಹೆಂಗಸರಿಬ್ಬರ ಗೋಳೂ ಗೋಡೆಯ ಎರಡೂ ಬದಿಯಿಂದ ಏರುತ್ತ ಒಂದಾಗಿ, ಯಾವುದು ಯಾರದೆಂದು ತಿಳಿಯದಂತಾಯಿತು. ಶಹಾತಾ ಹಿಡಿದವರನ್ನು ಕೊಡವಿಕೊಂಡು ಓಡಿ ಬಂದು, ಉಳಿದ ಬೆರಳುಗಳಲ್ಲೇ ಅಗುಳಿ ಎಳೆದ.

ಬಾಗಿಲ ಜೊತೆಗೇ ಬಹ್ಜಾ ಒಳಗೆ ಬಿದ್ದಳು. ಮಗ ಅವಳ ಕಾಲ ಬಳಿಯೇ ಇದ್ದ. ಅವಳು ಕೂಗು ನಿಲ್ಲಿಸಿ ಬಗ್ಗಿ, ಅವನ ಮೂಗಿನ ಕೆಳಗೆ ಅಂಗೈ ಹಿಡಿದಳು. ಬಿಸಿ ಉಸಿರು ತಾಕಿದ ಮೇಲೂ ತುಸು ಹೊತ್ತು ಅಂಗೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ಸೆರಗಿನಿಂದ ಅವನ ಕಣ್ಣ ಮೇಲಿನ ರಕ್ತ ಒರೆಸಿ, ಇವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಶಹಾತಾನಿಗೆ ಹೇಳಿದಳು. ಆಮೇಲೆ ಮಗನನ್ನು ದಾಟಿ, ಕುರಿಯ ರಕ್ತದಲ್ಲಿ ಹೆಜ್ಜೆಯಿಟ್ಟುಕೊಂಡು ಅಂಗಳದ ಆ ತುದಿಗೆ ಹೋದಳು. ಎಸ್ತೇರವ್ವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ನಸೀಮನ ವಿಷಯ ತಿಳೀತು ಅಕ್ಕ," ಎಂದಳು. "ಬರೋದು ತಡ ಆಯ್ತು."

ಎಸ್ತೇರವ್ವ ಕುರ್ಚಿಯಿಂದ ಇಳಿದು ಅವಳ ಪಕ್ಕಕ್ಕೆ ಕೂತಳು. ಒಳಗೆ ಯಾರನ್ನೋ ಕರೆದು, ಒಲೆ ಹಚ್ಚಿ ಸಕ್ಕರೆಯಿಲ್ಲದ ಕಾಫಿ ಇಡಲು ಹೇಳಿದಳು.